ಕಾಮಿಕ್ಸ್ ಹುಚ್ಚು ನಿಮಗೆ ಹತ್ತಿದ್ದು ಎಷ್ಟನೇ ಪುಟದಲ್ಲಿ?

ಅರ್ಧಕಥೆ

ಮೊದಲು ಓದಿದ ಕಾಮಿಕ್ಸ್ ಯಾವುದು ಅಂತ ಕೇಳಿದರೆ ಎಲ್ಲರ ಹತ್ತಿರವೂ ಥಟ್ಟಂತ ಒಂದು ಉತ್ತರ ಇರುತ್ತೆ. ನಾನು ಕೇಳ್ತಿರೋದು ಅದಲ್ಲ. ಓದೋದು ಬೇರೆ, ಹುಚ್ಚು ಹತ್ತೋದು ಬೇರೆ. ಹತ್ತಾರು ಓದಿ ಮರೆತಿರ್ತೀವಿ, ಯಾವುದೋ ಒಂದು ಮಾತ್ರ ಹಿಡಿದುಕೊಂಡರೆ ಬಿಡಲ್ಲ. ನಿಮ್ಮನ್ನ ಹಿಡಿದಿದ್ದು ಯಾವುದು?

ನನ್ನದು ಪತ್ರಕರ್ತ ಹುಡುಗ ಟಿನ್‌ಟಿನ್, ಚಂದ್ರನಿಗೆ ಹೊರಡೋ ಕಥೆಯ ಮೊದಲ ಭಾಗ. ಎಂಟೋ ಒಂಬತ್ತೋ ವಯಸ್ಸು, ಜ್ವರ, ಹಾಸಿಗೆ. ಪುಸ್ತಕದ ತುಂಬ ಬರೀ ತಯಾರಿ. ಅಣುಶಕ್ತಿ ಕೇಂದ್ರ, ಗೂಢಚಾರರು, ಪರೀಕ್ಷೆಗೆ ಹಾರಿಸಿದ ರಾಕೆಟ್ಟು, ಕ್ಯಾಪ್ಟನ್ ಹ್ಯಾಡಕ್ ಆಡಿದ ಒಂದು ಮಾತಿಗೆ ಪ್ರೊಫೆಸರ್ ಕ್ಯಾಲ್ಕ್ಯುಲಸ್ ಕೆರಳಿ ಕೆಂಡವಾಗೋದು. ಕೊನೇ ಪುಟಗಳಲ್ಲಿ ರಾಕೆಟ್ ನೆಲ ಬಿಡುತ್ತೆ. ಒಳಗಿದ್ದೋರೆಲ್ಲ ಪ್ರಜ್ಞೆ ತಪ್ಪಿ ಬಿದ್ದಿದ್ದಾರೆ. ಕೆಳಗಿಂದ ರೇಡಿಯೋದಲ್ಲಿ ಕರೀತಾನೇ ಇದ್ದಾರೆ, ಮೇಲಿಂದ ಸದ್ದೇ ಇಲ್ಲ. ಅಷ್ಟೇ. ಪುಸ್ತಕ ಮುಗೀತು.

ಎರಡನೇ ಭಾಗ ನನ್ನ ಕೈಗೆ ಬಂದಿದ್ದು ಆರು ವರ್ಷ ಆದ್ಮೇಲೆ. ಅಷ್ಟರಲ್ಲಿ ಆ ರಾಕೆಟ್ಟನ್ನ ನಾನು ಎಷ್ಟು ಸಲ ಚಂದ್ರನ ಮೇಲೆ ಇಳಿಸಿದೀನೋ ಲೆಕ್ಕ ಇಲ್ಲ. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಚೌಕ ಹಾಕಿ, ಮಾತಿನ ಗುಳ್ಳೆ ಬಿಡಿಸಿ. ಒಂದರಲ್ಲಿ ರೇಡಿಯೋಗೆ ಉತ್ತರ ಕೊಟ್ಟಿದ್ದು ಅವನ ನಾಯಿ ಸ್ನೋಯಿ. ಬೌ ಅಂತ.

ಎರಡೂ ಭಾಗ ಒಟ್ಟಿಗೆ ಸಿಕ್ಕಿದ್ದಿದ್ರೆ ಓದಿ, ಜ್ವರ ಬಿಟ್ಟ ಮೇಲೆ ಮರೀತಿದ್ದೆ ಅನ್ಸುತ್ತೆ. ಈಗ ನಿಮ್ಮ ಸರದಿ.

ಸುಮ್ನೆ ಓದೋನು

ಆರು ವರ್ಷ! ನಾನಾಗಿದ್ರೆ ಅಷ್ಟೊತ್ತಿಗೆ ನಾನೇ ಚಂದ್ರನಿಗೆ ಹೋಗಿ ನೋಡ್ಕೊಂಡು ಬರ್ತಿದ್ದೆ.

ಚೌಕಾಸಿ

ಕಾದಿದ್ದು ನೀವೊಬ್ರೇ ಅಲ್ಲ ಮೇಡಂ. ಈ ಕಥೆ ಮೊದಲು ಬೆಲ್ಜಿಯಂನ ಟಿನ್‌ಟಿನ್ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. 1950ರ ಮಾರ್ಚ್‌ನಲ್ಲಿ ಶುರು. ಸೆಪ್ಟೆಂಬರ್ ಹೊತ್ತಿಗೆ ಇದನ್ನ ಬರೀತಿದ್ದ ಹೆರ್ಜೆ ಕೆಲಸದ ಒತ್ತಡಕ್ಕೆ ಕುಸಿದು ಪೆನ್ನು ಕೆಳಗಿಟ್ಟರು. ಮತ್ತೆ ಕಂತು ಶುರುವಾಗಿದ್ದು 1952ರ ಏಪ್ರಿಲ್‌ನಲ್ಲಿ. ಒಂದೂವರೆ ವರ್ಷ ಅಲ್ಲಿನ ಮಕ್ಕಳೆಲ್ಲ ಬಾಯಿ ಬಿಟ್ಕೊಂಡು ಕೂತಿದ್ರು. ಪುಸ್ತಕ ಆಗಿದ್ದು 1953 ಮತ್ತು 1954ರಲ್ಲಿ. ನಿಜವಾದ ಮನುಷ್ಯರು ಚಂದ್ರನ ಮೇಲೆ ಕಾಲಿಡೋಕೆ ಇನ್ನೂ ಹದಿನೈದು ವರ್ಷ ಇತ್ತು.

ನೀವು ಹೇಳಿದ್ದರಲ್ಲಿ ಒಂದು ದೊಡ್ಡ ವಿಷಯ ಇದೆ. ಕಾಮಿಕ್ಸ್ ಪೂರ್ತಿ ಹೇಳೋದೇ ಇಲ್ಲ, ಎಲ್ಲಾ ಕಡೆ ಬಿಟ್ಟುಬಿಟ್ಟು ಹೇಳುತ್ತೆ. ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಕಾಮಿಕ್ಸ್ ರೂಪದಲ್ಲೇ ಬರೆದರಲ್ಲ, ಅದರಲ್ಲೊಂದು ಉದಾಹರಣೆ ಇದೆ. ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿದಾನೆ. ಮುಂದಿನ ಚೌಕದಲ್ಲಿ ರಾತ್ರಿಯ ಊರು, ಒಂದು ಚೀರಾಟ. ಕೊಡಲಿ ಬಿದ್ದಿದ್ದನ್ನ ಯಾರೂ ಬರೆದಿಲ್ಲ. ಹಾಗಾದ್ರೆ ಬೀಸಿದ್ದು ಯಾರು? ಓದಿದವನು. ಎಷ್ಟು ಜೋರಾಗಿ, ಎಲ್ಲಿಗೆ ಅನ್ನೋದೂ ಅವನದೇ ತೀರ್ಮಾನ.

ಎರಡು ಚೌಕದ ಮಧ್ಯದ ಆ ಬಿಳಿ ಪಟ್ಟಿಗೆ ಗಟರ್ ಅಂತ ಹೆಸರು. ಅಂದ್ರೆ ಚರಂಡಿ. ಅಷ್ಟು ಒಳ್ಳೇ ಜಾಗಕ್ಕೆ ಎಂಥಾ ಹೆಸರಿಟ್ಟರು ನೋಡಿ. ನಿಮ್ಮ ವಿಷಯದಲ್ಲಿ ಆ ಚರಂಡಿ ಆರು ವರ್ಷ ಅಗಲ ಇತ್ತು, ಅಷ್ಟೇ ವ್ಯತ್ಯಾಸ.

ನೀಲಿ ಮುಸುಕು

ನಮ್ಮ ಅಣ್ಣಗ ಓದಾಕ ಬರ್ತಿತ್ತು, ನನಗ ಬರ್ತಿದ್ದಿಲ್ಲ. ಕಾಡಿನ ಮುಸುಕಿನ ವೀರ ಫ್ಯಾಂಟಮ್‌ನ ಕಾಮಿಕ್ಸ್ ಅಂವ ಮನಸ್ಸಿನ್ಯಾಗ ಓದಂವ, ನಾ ಬಗಲಾಗ ಕುಂತು ಚಿತ್ರ ನೋಡಂವ. ಅಂವ ಪುಟ ಹೊಳ್ಳಸೂದರಾಗ ನಾ ನನ್ನ ಕಥಿ ಕಟ್ಟಿ ಮುಗಸಬೇಕು. "ಏನಾತೋ ಅಣ್ಣಾ?" ಅಂತ ಕೇಳಿದ್ರ "ಸುಮ್ನಿರೋ" ಅಂತಿದ್ದ. ಹಿಂಗಾಗಿ ಅವನ ಫ್ಯಾಂಟಮ್ ಬ್ಯಾರೆ, ನನ್ನ ಫ್ಯಾಂಟಮ್ ಬ್ಯಾರೆ. ನಂದ್ರಾಗ ಫ್ಯಾಂಟಮ್ ದೆವ್ವ ಆಗಿದ್ದ, ಕಣ್ಣಾಗ ಗುಡ್ಡಿ ಇಲ್ಲಲ್ರಿ ಅವಗ! ದೆವ್ವಕ್ಕ ಸಾವಿಲ್ಲ.

ಮುಂದ ನಾನ ಅಕ್ಷರ ಕೂಡಿಸಿ ಓದಾಕ ಹತ್ತಿದಾಗ ಗೊತ್ತಾತು. ಫ್ಯಾಂಟಮ್ ಸಾಯ್ತಾನ! ಅಪ್ಪ ಸತ್ತರ ಮಗ ಅದ ಮುಸುಕು ಹಾಕ್ಕೋತಾನ. ನಾಕನೂರು ವರ್ಷದಿಂದ ಹಿಂಗ ನಡದೈತಿ, ಈಗಿರಾಂವ ಇಪ್ಪತ್ತೊಂದನೇದಾಂವ. ಅವನ ಕಾಡಿನ ಬಾಂಡಾರ್ ಮಂದಿ ಬಿಟ್ರ ಹೊರಗಿನವರಿಗೆ ಗುಟ್ಟು ಗೊತ್ತಿಲ್ಲ. ಕಡಲಗಳ್ಳರು "ಇವನ ಹಿಂದಕ ಕೊಂದಿದ್ವಲ್ಲೋ" ಅಂತ ನಡಗ್ತಾರ. ನನಗ ಮಾತ್ರ ಗೊತ್ತು. ಆರು ವರ್ಷದ ಹುಡುಗಗ ಅಷ್ಟು ದೊಡ್ಡ ಗುಟ್ಟು ಯಾರು ಹೇಳ್ತಾರ್ರಿ? ಅವತ್ತ ಅಂಟಿದ ರೋಗ.

ಇನ್ನೊಂದ ಮಾತು. ಫ್ಯಾಂಟಮ್ ಅಂಗಿ ನೀಲಿ. ಈ ವಿಷಯಕ್ಕ ವಾದ ಬ್ಯಾಡ.

ಸುಮ್ನೆ ಓದೋನು

ನೇರಳೆ.

ಪೆನ್ಸಿಲ್ ತುಂಡು

ನಾನು ನೋಡಿದ ಒಂದು ಇಟಾಲಿಯನ್ ಪ್ರತಿಯಲ್ಲಿ ಕೆಂಪು.

ಚೌಕಾಸಿ

ಮೂವರೂ ಸರಿ. ಲೀ ಫಾಕ್ 1936ರಲ್ಲಿ ಶುರು ಮಾಡಿದಾಗ ಪತ್ರಿಕೆಯಲ್ಲಿ ಬರ್ತಿದ್ದಿದ್ದು ಕಪ್ಪುಬಿಳುಪು ಪಟ್ಟಿ. ಅವರ ತಲೆಯಲ್ಲಿದ್ದ ಬಣ್ಣ ಬೂದು. 1939ರಲ್ಲಿ ಭಾನುವಾರದ ಬಣ್ಣದ ಪುಟ ಶುರುವಾದಾಗ ಅಚ್ಚಲ್ಲಿ ನೇರಳೆ ಬಂತು, ಅದೇ ನಿಂತುಬಿಡ್ತು. ಸ್ವೀಡನ್‌ನಲ್ಲಿ ನೀಲಿ, ಇಟಲಿಯಲ್ಲಿ ಕೆಂಪು. ಕಾಡಲ್ಲಿ ಅಡಗಿಕೊಳ್ಳೋಕೆ ಒಂದೂ ಪ್ರಯೋಜನ ಇಲ್ಲ.

ನೀಲಿ ಮುಸುಕು

ಅಂದ್ರ ನೀಲಿ ಅಂತ ಆತು.

ಪೆನ್ಸಿಲ್ ತುಂಡು

ಬಣ್ಣದ ವಿಷಯ ಬಂದಿದ್ದಕ್ಕೆ: ಹಲ್ಕ್ ಕೂಡ 1962ರ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು. ಅವತ್ತಿನ ಅಗ್ಗದ ಕಾಗದದ ಮೇಲೆ ಬೂದು ಒಂದೇ ಥರ ಕೂರ್ತಿರಲಿಲ್ಲ, ಒಂದು ಪುಟದಲ್ಲಿ ತಿಳಿ, ಇನ್ನೊಂದರಲ್ಲಿ ಕಪ್ಪು. ಎರಡನೇ ಸಂಚಿಕೆಯಿಂದ ಹಸಿರು. ಅಷ್ಟು ದೊಡ್ಡ ರಾಕ್ಷಸನನ್ನ ಬಣ್ಣ ಬದಲಾಯಿಸೋ ಹಾಗೆ ಮಾಡಿದ್ದು ಮುದ್ರಣದ ಮಸಿ.

ನನ್ನ ಕಥೆ ಆಮೇಲೆ ಬರೀತೀನಿ, ಸ್ವಲ್ಪ ಉದ್ದ ಇದೆ.

ಬಲದಿಂದ ಎಡಕ್ಕೆ

ನಂದು ಉಲ್ಟಾ ಕೇಸು ಗುರು. ಅಕ್ಷರಶಃ ಉಲ್ಟಾ.

ಟೀವೀಲಿ ಒಂದು ಅನಿಮೆ, ಅಂದ್ರೆ ಜಪಾನಿನ ಕಾರ್ಟೂನ್ ನೋಡ್ತಿದ್ದೆ. ಕಥೆ ಮಧ್ಯದಲ್ಲಿ ನಿಂತೋಯ್ತು. ಮುಂದೇನಾಯ್ತು ಅಂತ ಗೊತ್ತಾಗ್ಬೇಕು ಅಂದ್ರೆ ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸ್ ಓದು ಅಂದ್ರು. ಒಂದು ಸಂಪುಟ ಸಿಕ್ತು. ತೆಗೆದೆ. ಎಡಗಡೆಯಿಂದ. ಜಪಾನಿನ ಪುಸ್ತಕ ಬಲಗಡೆಯಿಂದ ಓದ್ಬೇಕು ಅಂತ ಯಾರು ಹೇಳಿದ್ರು ನಂಗೆ? ತಪ್ಪು ಕಡೆ ತೆಗೆದಿದೀಯ ಅಂತ ಎಚ್ಚರಿಸೋ ಒಂದು ಪುಟ ಇರುತ್ತಲ್ಲ, ನಂಗೆ ಸಿಕ್ಕ ಪ್ರತೀಲಿ ಅದು ಹರಿದುಹೋಗಿತ್ತು.

ಪೂರ್ತಿ ಓದಿದೆ. ಹಿಂದಿನಿಂದ ಮುಂದಕ್ಕೆ. ಮೊದಲು ಒಬ್ಬ ಸತ್ತು ಬಿದ್ದಿದಾನೆ, ಆಮೇಲೆ ಏಟು ತಿಂತಾನೆ, ಆಮೇಲೆ ಜಗಳ, ಆಮೇಲೆ ಇಬ್ರೂ ದೋಸ್ತು. ಕಣ್ಣಲ್ಲಿ ನೀರು ಬಂತು ಗುರು. ಎಂಥಾ ಕಥೆ! ಸಾವಿಂದ ಶುರುವಾಗಿ ಗೆಳೆತನದಲ್ಲಿ ಮುಗಿಯುತ್ತೆ! ಗೆಳೆಯನಿಗೆ ಹೇಳಿದ್ಮೇಲೆ ಅವನು ನಕ್ಕ ನಗು ಇನ್ನೂ ಕಿವೀಲಿದೆ. ಸರಿಯಾಗಿ ಓದಿದಾಗ ಮಾಮೂಲಿ ಸೇಡಿನ ಕಥೆ.

ಆದ್ರೆ ಅವತ್ತು ಒಂದು ತಿಳೀತು. ಚೌಕಗಳನ್ನ ಯಾವ ಕಡೆಯಿಂದ ಜೋಡಿಸಿದ್ರೂ ತಲೆ ಅದನ್ನ ಕಥೆ ಮಾಡೇ ಮಾಡುತ್ತೆ. ಅದೇ ಹುಚ್ಚು. ಮೊದಮೊದಲು ಇಂಗ್ಲಿಷಿಗೆ ತರುವಾಗ ಪುಟಗಳನ್ನ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಅಚ್ಚು ಹಾಕ್ತಿದ್ರಂತೆ, ಎಡದಿಂದ ಓದೋರಿಗೆ ಸುಲಭ ಆಗ್ಲಿ ಅಂತ. ಆಗ ಸಮುರಾಯ್‌ಗಳೆಲ್ಲ ಎಡಗೈಯವರಾಗಿಬಿಡ್ತಿದ್ರು. ನಾನು ಓದಿದ್ದು ಅದಕ್ಕಿಂತ ಎಷ್ಟೋ ವಾಸಿ.

ಮೂರನೇ ಸಾಲು

ಬೇಜಾರು ಮಾಡ್ಕೋಬೇಡಿ, ಆದರೆ ಟೀವಿ, ಸಿನಿಮಾ ನೋಡಿ ಇತ್ತ ಬಂದವರನ್ನೂ ಕಾಮಿಕ್ಸ್ ಅಭಿಮಾನಿಗಳು ಅಂತ ಲೆಕ್ಕ ಹಾಕೋದು ಸರಿಯಾ? ಸ್ಪೈಡರ್‌ಮ್ಯಾನ್ ಅಂಗಿ ಹಾಕ್ಕೊಂಡವರನ್ನ ಸ್ಟೀವ್ ಡಿಟ್ಕೊ ಯಾರು ಅಂತ ಕೇಳಿ ನೋಡಿ. ಪಿಳಿಪಿಳಿ ಕಣ್ಣು ಬಿಡ್ತಾರೆ. ಸ್ಪೈಡರ್‌ಮ್ಯಾನ್ ಮೊದಲ ಕಥೆಯ ಚಿತ್ರಕಾರರೇ ಅವರು. 1962ರ ಆಗಸ್ಟ್ ಸಂಚಿಕೆಯಲ್ಲಿ ಹನ್ನೊಂದೇ ಪುಟದಲ್ಲಿ ಆ ಹುಡುಗನ ಇಡೀ ಬದುಕು ಹೇಳಿ ಮುಗಿಸಿದ್ದಾರೆ, ಅದೂ ಮುಚ್ಚಿಹೋಗ್ತಿದ್ದ ಪತ್ರಿಕೆಯ ಕೊನೇ ಸಂಚಿಕೆಯಲ್ಲಿ. ಅದನ್ನ ಓದದೆ ಮೂರು ಗಂಟೆ ಸಿನಿಮಾ ನೋಡಿ ಅಭಿಮಾನಿ ಅಂದರೆ ಹೇಗೆ?

ಬಲದಿಂದ ಎಡಕ್ಕೆ

ಸರ್, ನಾನು ಸ್ಪೈಡರ್‌ಮ್ಯಾನ್ ಹೆಸರೇ ಎತ್ತಿಲ್ಲ.

ಸುಮ್ನೆ ಓದೋನು

ಪರೀಕ್ಷೆ ಇದೆ ಅಂತ ಮೊದಲೇ ಹೇಳಿದ್ರೆ ಓದ್ಕೊಂಡು ಬರ್ತಿದ್ವಿ.

ತಡವಾಗಿ ಬಂದವಳು

ಮೂರನೇ ಸಾಲು ಅವರೇ, ನಿಮ್ಮ ಲೆಕ್ಕದಲ್ಲಿ ನನಗಂತೂ ಜಾಗವೇ ಇಲ್ಲ. ನಾನು ಬಾಲ್ಯದಲ್ಲಿ ಒಂದೇ ಒಂದು ಕಾಮಿಕ್ಸ್ ಓದಿದವಳಲ್ಲ. ನಮ್ಮ ಮನೆಯಲ್ಲಿ ಅದು ಓದಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. "ಚಿತ್ರ ನೋಡುವುದು ಸಾಕು, ಏನಾದರೂ ಓದು" ಎನ್ನುತ್ತಿದ್ದರು. ನಾನೂ ಹಾಗೆಯೇ ನಂಬಿಕೊಂಡು ನಲವತ್ತು ದಾಟಿದೆ.

ಆಮೇಲೆ ಯಾರೋ ಆರ್ಟ್ ಸ್ಪೀಗಲ್‌ಮನ್ ಅವರ ಮೌಸ್ ಎಂಬ ಕಾಮಿಕ್ಸ್ ಪುಸ್ತಕ ಕೈಗೆ ಕೊಟ್ಟರು. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ತಂದೆಯ ಮಾತನ್ನು ಮಗ ಬರೆದುಕೊಳ್ಳುವ ಕಥೆ. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು. 1992ರಲ್ಲಿ ಅದಕ್ಕೆ ಪುಲಿಟ್ಜರ್‌ನ ವಿಶೇಷ ಪ್ರಶಸ್ತಿ ಬಂತು. ಇದೆಲ್ಲ ಗೊತ್ತಿದ್ದೂ ಮೊದಲ ಭಾಗವನ್ನು ನಾನು ಓದಿದ್ದು ಒಂದು ಕರ್ತವ್ಯದ ಹಾಗೆ. ಒಳ್ಳೆಯ ಪುಸ್ತಕ ಎಂದುಕೊಂಡೆ, ಅಷ್ಟೇ.

ಎರಡನೇ ಭಾಗದಲ್ಲಿ ಒಂದು ಪುಟ ಇದೆ. ಲೇಖಕ ತನ್ನ ಮೇಜಿನ ಮುಂದೆ ಕೂತಿದ್ದಾನೆ. ಮೊದಲ ಭಾಗ ಗೆದ್ದಿದೆ, ಹೆಸರು ಬಂದಿದೆ. ಮೇಜಿನ ಕೆಳಗೆ ಹೆಣಗಳ ರಾಶಿ, ಸುತ್ತ ನೊಣಗಳು. ಅದನ್ನು ಮಾತಿನಲ್ಲಿ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆನೇನೋ. ಆದರೆ ನನ್ನ ಕಣ್ಣು ಹೋದದ್ದು ಬೇರೆ ಕಡೆ. ಅಲ್ಲಿ ಅವನು ಇಲಿ ಅಲ್ಲ. ಇಲಿಯ ಮುಖವಾಡ ಕಟ್ಟಿಕೊಂಡ ಮನುಷ್ಯ. ತಲೆಯ ಹಿಂದೆ ಮುಖವಾಡದ ದಾರ ಕಾಣುತ್ತದೆ. ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಸಣ್ಣದೊಂದು ಗೆರೆ. ತನಗೆ ಈ ಕಥೆ ಹೇಳುವ ಹಕ್ಕು ಇದೆಯೋ ಇಲ್ಲವೋ ಎಂಬ ಅನುಮಾನವೆಲ್ಲ ಆ ದಾರದಲ್ಲಿದೆ. ನಾನು ಅಲ್ಲಿಗೇ ನಿಲ್ಲಿಸಿ ಮೊದಲ ಭಾಗದ ಮೊದಲ ಪುಟಕ್ಕೆ ಹಿಂತಿರುಗಿದೆ. ಇಷ್ಟು ದಿನ "ಚಿತ್ರ ನೋಡುವುದು" ನನಗೆ ಬರುತ್ತಲೇ ಇರಲಿಲ್ಲ ಎಂದು ಗೊತ್ತಾಯಿತು.

ಡಿಟ್ಕೊ ಯಾರೆಂದು ಇವತ್ತು ನಿಮ್ಮಿಂದ ತಿಳಿಯಿತು. ಓದುತ್ತೇನೆ.

ಮೂರನೇ ಸಾಲು

ಮೇಡಂ, ಮಾತು ವಾಪಸ್ ತಗೊಂಡೆ. ಅರ್ಧ.

ಒಪ್ಪಿಕೊಳ್ಳಬೇಕಾದ್ದು ಇನ್ನೊಂದಿದೆ. ನನಗೂ ಬ್ಯಾಟ್‌ಮ್ಯಾನ್ ಮೊದಲು ಸಿಕ್ಕಿದ್ದು ಟೀವಿಯಲ್ಲಿ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ನೀಲಿ ಮುಸುಕು

ಮುಸುಕು ಕಳಚಿತ್ರೀ ಸಾಹೇಬ್ರ.

ಪೆನ್ಸಿಲ್ ತುಂಡು

ಈಗ ನನ್ನದು. ನಾನು ಕಥೆ ಓದ್ತಿರಲಿಲ್ಲ, ನಕಲು ಮಾಡ್ತಿದ್ದೆ. ತೆಳು ಕಾಗದ ಮೇಲಿಟ್ಟು ಗೆರೆ ಎಳೆಯೋದು. ಡೊನಾಲ್ಡ್ ಡಕ್‌ನ ನೂರು ಸಲ ಎಳೆದಿರಬಹುದು. ಹಾಗೆ ಎಳೀತಾ ಎಳೀತಾ ಕೈಗೆ ಒಂದು ವ್ಯತ್ಯಾಸ ಗೊತ್ತಾಯ್ತು. ಎಲ್ಲಾ ಡೊನಾಲ್ಡ್‌ಗಳೂ ಒಂದೇ ಅಲ್ಲ. ಕೆಲವು ಕಥೆಗಳಲ್ಲಿ ಅವನ ಕೊಕ್ಕು, ಹುಬ್ಬು, ಸಿಟ್ಟು ಬಂದಾಗ ಮೈ ಬಾಗೋ ರೀತಿ ಎಲ್ಲಾ ಬೇರೆ. ಹಿಂದೆ ಇರೋ ಹಡಗು, ಬೆಟ್ಟ, ಹಾಳು ಕೋಟೆ ಬರೀ ಅಲಂಕಾರ ಅಲ್ಲ, ಒಳಗೆ ಹೋಗಬಹುದು ಅನ್ನೋ ಹಾಗಿರ್ತಿದ್ವು. ಆ ಕಥೆಗಳನ್ನ ಬೇರೆ ಕಟ್ಟಿಟ್ಟೆ. ಬರೆದವರು ಯಾರು ಅಂತ ಹುಡುಕಿದರೆ ಮುಖಪುಟದಲ್ಲಿ ಇದ್ದಿದ್ದು ಡಿಸ್ನಿ ಹೆಸರೊಂದೇ.

ಎಷ್ಟೋ ವರ್ಷ ಆದ್ಮೇಲೆ ಓದಿದೆ, ಇದೇ ಕೆಲಸವನ್ನ ಅಮೆರಿಕದ ಮಕ್ಕಳು ನನಗಿಂತ ಬಹಳ ಮೊದಲೇ ಮಾಡಿದ್ದರು. 1940, 50ರ ದಶಕದಲ್ಲಿ ಆ ಕಥೆಗಳಲ್ಲಿ ಚಿತ್ರಕಾರನ ಹೆಸರೇ ಇರಲಿಲ್ಲ. ಮಕ್ಕಳು ತಾವೇ ಅವನಿಗೊಂದು ಹೆಸರಿಟ್ಟುಕೊಂಡಿದ್ದರು: ಚೆನ್ನಾಗಿ ಬಾತುಕೋಳಿ ಬರೆಯೋನು. 1960ರ ಹೊತ್ತಿಗೆ ಕೆಲವರು ಪತ್ತೆ ಹಚ್ಚಿದರು, ಅವರು ಕಾರ್ಲ್ ಬಾರ್ಕ್ಸ್. 1947ರಲ್ಲಿ ಡೊನಾಲ್ಡ್‌ನ ಅಂಕಲ್ ಸ್ಕ್ರೂಜ್‌ನ ಹುಟ್ಟುಹಾಕಿದ್ದೂ ಅವರೇ. ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹೆಸರಿಲ್ಲದೆ ಬರೆದ ಮನುಷ್ಯನನ್ನ ಓದುಗರು ಗೆರೆ ನೋಡಿಯೇ ಗುರುತು ಹಿಡಿದಿದ್ದರು.

ಬಾರ್ಕ್ಸ್ ಅವರ ಹೆಸರು ಓದಿದ ದಿನ ನಾನು ಕಟ್ಟಿಟ್ಟ ಕಂತೆ ಬಿಚ್ಚಿ ನೋಡಿದೆ. ಹದಿನಾಲ್ಕು ಕಥೆ ಇದ್ವು. ಹದಿಮೂರು ಅವರದೇ. ಒಂದು ತಪ್ಪಿದೆ. ಆ ಒಂದು ಯಾರದು ಅಂತ ಇವತ್ತಿಗೂ ಹುಡುಕ್ತಿದೀನಿ. ಹುಚ್ಚು ಎಲ್ಲಿ ಹತ್ತಿತು ಅಂದ್ರೆ ಆ ಹದಿಮೂರರಲ್ಲಲ್ಲ, ಈ ಒಂದರಲ್ಲಿ.

ಚೌಕಾಸಿ

ವಾಹ್. ಇದಕ್ಕೆ ಒಂದು ಬಾಲಂಗೋಚಿ ಸೇರಿಸ್ತೀನಿ. ಓದುಗರು ಒಬ್ಬರಿಗೊಬ್ಬರು ಸಿಕ್ಕಿದ್ದು ಹೇಗೆ ಗೊತ್ತಾ? ಸಂಪಾದಕರಿಗೆ ಪತ್ರ ಬರೆಯೋ ಪುಟದಿಂದ. 1961ರ ಸುಮಾರಿಗೆ ಡಿಸಿ ಅನ್ನೋ ಕಾಮಿಕ್ಸ್ ಕಂಪನಿಯ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ಪತ್ರ ಬರೆದವರ ಪೂರ್ತಿ ವಿಳಾಸ ಅಚ್ಚು ಹಾಕೋಕೆ ಶುರು ಮಾಡಿದರು. ಅಲ್ಲೀವರೆಗೆ ಊರಿಗೊಬ್ಬ ಹುಚ್ಚ ತಾನೊಬ್ಬನೇ ಹುಚ್ಚ ಅಂದ್ಕೊಂಡಿದ್ದ. ಅದೇ ವರ್ಷ ಜೆರ್ರಿ ಬೇಲ್ಸ್ ಅನ್ನೋ ಅಧ್ಯಾಪಕರು ಆಲ್ಟರ್ ಈಗೋ ಅನ್ನೋ ಅಭಿಮಾನಿ ಪತ್ರಿಕೆ ತಂದರು. ಅವರ ಜೊತೆಗೆ ಇದ್ದ ರಾಯ್ ಥಾಮಸ್ ಮುಂದೆ 1972ರಲ್ಲಿ ಇನ್ನೊಂದು ಕಾಮಿಕ್ಸ್ ಕಂಪನಿ ಮಾರ್ವೆಲ್‌ನ ಪ್ರಧಾನ ಸಂಪಾದಕರೇ ಆದರು. ಓದುಗನ ಕುರ್ಚಿಯಿಂದ ಎದ್ದು ಅಲ್ಲಿಗೆ.

ಮಾರ್ವೆಲ್‌ನಲ್ಲಿ ಸ್ಟ್ಯಾನ್ ಲೀ ಇನ್ನೊಂದು ತಮಾಷೆ ಮಾಡ್ತಿದ್ದರು. ಕಥೆಯಲ್ಲಿ ತಪ್ಪು ಹುಡುಕಿದವರಿಗೆ, ಅದು ಯಾಕೆ ತಪ್ಪಲ್ಲ ಅಂತ ಜಾಣತನದಿಂದ ಸಮಜಾಯಿಷಿ ಕೊಟ್ಟವರಿಗೆ "ಇಲ್ಲದ ಬಹುಮಾನ". ಮನೆಗೆ ಲಕೋಟೆ ಬರುತ್ತೆ, ಹೊರಗೆ ಅಭಿನಂದನೆ, ಒಳಗೆ ಖಾಲಿ.

ಸುಮ್ನೆ ಓದೋನು

ಎಲ್ಲರೂ ಇಷ್ಟು ಬರೆದ ಮೇಲೆ ನಾನೂ ಒಂದು ಹೇಳ್ತೀನಿ. ನಂಗೆ ಹುಚ್ಚು ಹತ್ತಿದ್ದು ಸಿಟ್ಟಿಂದ.

ಬ್ಯಾಟ್‌ಮ್ಯಾನ್‌ಗೆ ನೆರವಾಗೋ ಹುಡುಗನಿಗೆ ರಾಬಿನ್ ಅಂತ ಹೆಸರು. ಎರಡನೇ ರಾಬಿನ್, ಜೇಸನ್ ಟಾಡ್. 1988ರಲ್ಲಿ ಅವನು ಬದುಕಬೇಕೋ ಸಾಯಬೇಕೋ ಅಂತ ಫೋನ್ ಮಾಡಿ ಹೇಳಿ ಅಂತ ಓದುಗರನ್ನೇ ಕೇಳಿದರು. ಸಾಯಲಿ ಅಂದವರು 5,343. ಬದುಕಲಿ ಅಂದವರು 5,271. 72 ಫೋನ್ ಕರೆ ಕಮ್ಮಿ ಬಿದ್ದು ಹುಡುಗ ಸತ್ತ. ನಾನು ಇದನ್ನ ಓದಿದ್ದು ಬಹಳ ವರ್ಷ ಆದ್ಮೇಲೆ, ಕಥೆಯಲ್ಲೂ ಅಲ್ಲ, ಯಾವುದೋ ಲೇಖನದಲ್ಲಿ. ಅಷ್ಟೊತ್ತಿಗೆ ಒಂದೂ ಬ್ಯಾಟ್‌ಮ್ಯಾನ್ ಓದಿರಲಿಲ್ಲ. ಆದ್ರೂ ರಾತ್ರಿ ನಿದ್ದೆ ಬರಲಿಲ್ಲ. 73 ಜನ ಎಲ್ಲಿದ್ರು ಅವತ್ತು? ಆ ಹುಡುಗ ಯಾರು ಅಂತ ತಿಳ್ಕೊಳ್ಳೋಕೆ ಹಿಂದಿನ ಸಂಚಿಕೆಗಳನ್ನೆಲ್ಲ ಹುಡುಕಿ ಓದಿದೆ. ಓದಿದ್ಮೇಲೆ ಗೊತ್ತಾಯ್ತು, ಹುಡುಗ ಸ್ವಲ್ಪ ತಲೆಹರಟೆಯೇ. ಆದ್ರೂ.

ಅರ್ಧಕಥೆ

ಎಲ್ಲರದ್ದೂ ಓದಿದೆ. ಹದಿನಾಲ್ಕನೇ ಬಾತುಕೋಳಿ ಕಥೆ ನನ್ನ ತಲೆಯಿಂದ ಹೋಗ್ತಿಲ್ಲ.

ಎರಡನೇ ಭಾಗ ಸಿಕ್ಕಿದ ಮೇಲೆ ಏನಾಯ್ತು ಅಂತ ಒಬ್ಬರು ಖಾಸಗಿಯಾಗಿ ಕೇಳಿದರು, ಇಲ್ಲೇ ಹೇಳ್ತೀನಿ. ಓದದವರು ಈ ಪ್ಯಾರಾ ದಾಟಿಕೊಳ್ಳಿ. ಮೊದಲ ಪುಟಗಳಲ್ಲೇ ಉತ್ತರ ಸಿಕ್ಕಿಬಿಡುತ್ತೆ, ಎಲ್ಲರೂ ಎದ್ದು ಕೂರ್ತಾರೆ. ನನಗೆ ನಿಜವಾಗ್ಲೂ ಬೇಜಾರಾಯ್ತು. ಆರು ವರ್ಷಕ್ಕೆ ಇಷ್ಟೇನಾ? ಆದ್ರೆ ಅದರಲ್ಲಿ ವುಲ್ಫ್ ಅಂತ ಒಬ್ಬ ಎಂಜಿನಿಯರ್ ಇದಾನೆ. ಬೆದರಿಕೆಗೆ ಮಣಿದು ಶತ್ರುಗಳಿಗೆ ನೆರವಾಗಿರ್ತಾನೆ. ವಾಪಸ್ ಬರುವಾಗ ಆಮ್ಲಜನಕ ಸಾಲಲ್ಲ ಅಂತ ಗೊತ್ತಾಗಿ, ಒಂದು ಚೀಟಿ ಬರೆದಿಟ್ಟು, ಬಾಗಿಲು ತೆಗೆದು ಹೊರಗಿನ ಕತ್ತಲಿಗೆ ಹೋಗ್ಬಿಡ್ತಾನೆ. ಮೊದಲ ಭಾಗದಲ್ಲೂ ಅವನಿದ್ದ. ನಾನು ಇಳಿಸಿದ ಅಷ್ಟೂ ರಾಕೆಟ್‌ಗಳಲ್ಲಿ ಒಂದರಲ್ಲೂ ಅವನನ್ನ ಬಿಡಿಸಿರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದೆ. ಟಿನ್‌ಟಿನ್, ಹ್ಯಾಡಕ್, ಪ್ರೊಫೆಸರ್, ನಾಯಿ. ವುಲ್ಫ್ ಇಲ್ಲ.

ಬಲದಿಂದ ಎಡಕ್ಕೆ

ಅಕ್ಕ, ಇದನ್ನ ಓದಿ ಸುಮ್ನೆ ಕೂತ್ಬಿಟ್ಟೆ.

ಬೀರು ಮೇಲಿನ ಪುಸ್ತಕ

ಇಲ್ಲಿ ಬರೀತಿರೋದು ಇದೇ ಮೊದಲು. ನನ್ನ ಮಗಳಿಗೆ ಒಂಬತ್ತು ವರ್ಷ. ಈ ಚರ್ಚೆ ಓದಿ ಒಂದು ಪ್ರಯೋಗ ಮಾಡಿದೆ. ಚಂದ್ರನಿಗೆ ಹೋಗೋ ಕಥೆಯ ಮೊದಲ ಭಾಗ ಕೊಟ್ಟೆ. ಎರಡನೇದು ಮನೆಯಲ್ಲೇ ಇದೆ, ಬೀರುವಿನ ಮೇಲೆ ಇಟ್ಟಿದೀನಿ. ಸಿಕ್ಕಲಿಲ್ಲ ಅಂತ ಹೇಳಿದೀನಿ.

ಸುಮ್ನೆ ಓದೋನು

ಎಷ್ಟು ದಿನ ಆಯ್ತು?

ಬೀರು ಮೇಲಿನ ಪುಸ್ತಕ

ಹನ್ನೊಂದು.

ನೀಲಿ ಮುಸುಕು

ಯಪ್ಪಾ! ಪಾಪ ಬರ್ತೈತ್ರಿ, ಕೊಟ್ಟ ಬಿಡ್ರಿ.

ಪೆನ್ಸಿಲ್ ತುಂಡು

ಕೊಡಬೇಡಿ. ಏನಾದ್ರೂ ಬರೀತಿದಾಳಾ ನೋಡಿ ಮೊದಲು.

ಬೀರು ಮೇಲಿನ ಪುಸ್ತಕ

ಚಿತ್ರ ಬಿಡಿಸ್ತಿಲ್ಲ. ಆದರೆ ಮೂರು ದಿನದಿಂದ ಊಟಕ್ಕೆ ಕರೆದರೆ ಉತ್ತರ ಕೊಡ್ತಿಲ್ಲ. ಯಾಕೆ ಅಂತ ಕೇಳಿದ್ರೆ "ರಾಕೆಟ್‌ನಲ್ಲಿ ಎಲ್ಲರೂ ಪ್ರಜ್ಞೆ ತಪ್ಪಿದಾರೆ" ಅಂತಾಳೆ.

ಅರ್ಧಕಥೆ

ದಯವಿಟ್ಟು ಇನ್ನೊಂದು ವಾರ.

ತಡವಾಗಿ ಬಂದವಳು

ಒಂದು ವಾರ ಹೆಚ್ಚಾಯಿತು. ಭಾನುವಾರದವರೆಗೆ ಸಾಕು. ಮೊದಲ ಭಾಗದಲ್ಲಿ ವುಲ್ಫ್ ಎಂಬುವನು ಎಲ್ಲಿದ್ದಾನೆ ಎಂದು ಮಾತ್ರ ಒಮ್ಮೆ ಕೇಳಿ ನೋಡಿ.

ಬೀರು ಮೇಲಿನ ಪುಸ್ತಕ

ಆಗಲಿ, ಭಾನುವಾರದವರೆಗೆ. ಒಂದ್ನಿಮಿಷ, ಒಳಗಿನ ಕೋಣೆಯಲ್ಲಿ ಕುರ್ಚಿ ಎಳೀತಿರೋ ಸದ್ದು ಬರ್ತಿದೆ.